ತೋಟದೂರಿಗೊಂದು ಹಳೆಯ ‘ಎಸ್ಟೇಟ್’

ಅಮ್ಮತ್ತಿಯಲ್ಲಿ ‘ಎಸ್ಟೇಟ್’ ಎಂದರೆ ಕಾಫಿ ತೋಟ. ಕಾರಿನ ಪೇಟೆಯಲ್ಲಿ ಅದಕ್ಕೆ ಬೇರೆಯೇ ಅರ್ಥ: ಹಿಂಬದಿಯಲ್ಲಿ ಸಾಮಾನಿಗೆ ಉದ್ದನೆಯ ಜಾಗವಿರುವ ಕಾರು. ಮೈಸೂರಿನ ಹಾಸ್ಟೆಲಿಗೆ ಹೊರಟ ಮಗಳು, ಅವಳ ಟ್ರಂಕು, ಹಾಸಿಗೆ, ಜೊತೆಗೆ ಅಜ್ಜಿ, ಎಲ್ಲಕ್ಕೂ ಒಂದೇ ಗಾಡಿ ಸಾಕು.

ನಮ್ಮ ದೇಶದಲ್ಲಿ 1992ರಲ್ಲಿ ಟಾಟಾ ಎಸ್ಟೇಟ್, 2004ರಲ್ಲಿ ಇಂಡಿಗೋ ಮರೀನಾ ಬಂದವು. ಎರಡೂ ಈಗ ತಯಾರಾಗುತ್ತಿಲ್ಲ. ಬೇಕೆಂದರೆ ಹಳೆಯದನ್ನೇ ಹುಡುಕಬೇಕು. ಬಿಡಿಭಾಗ ಸಿಗುತ್ತದೆಯೇ ಎಂದು ನಿಮ್ಮ ಮೆಕ್ಯಾನಿಕ್ಕನ್ನು ಮೊದಲೇ ಕೇಳಿ.

ಬೆಲೆ ಕಡಿಮೆಯೆಂದು ಹಿಗ್ಗುವ ಮುನ್ನ ಕಾರಿನಡಿ ಬಗ್ಗಿ ನೋಡಿ. ಕೊಡಗಿನ ಮಳೆ, ಕೆಸರು ತಳಕ್ಕೆ ತುಕ್ಕು ಹಿಡಿಸುತ್ತವೆ. ಹೊಸ ಪೇಂಟು ಅದನ್ನು ಮುಚ್ಚಿರಬಹುದು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರಿನ ಪಸೆ ಇದೆಯೇ? ಜನ, ಸಾಮಾನು ತುಂಬಿಕೊಂಡೇ ಏರು ಹತ್ತಿಸಿ, ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷಿಸಿ.

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. ಹಳೆಯ ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಕೇಳಿ. ಹೆಸರು ಬದಲಾವಣೆಗೆ ಫಾರಂ 29, 30 ಬೇಕು. ವಿಮೆಯೂ ನಿಮ್ಮ ಹೆಸರಿಗೆ ಬರಲಿ.

ಉಳಿತಾಯದ ಹಣ ಕಾಲೇಜಿನ ಫೀಸಿಗೂ ಬೇಕಲ್ಲವೇ? ಬೆಲೆಯ ಜೊತೆ ರಿಪೇರಿಗೂ ಒಂದಿಷ್ಟು ತೆಗೆದಿಡಲಾದರೆ ಮಾತ್ರ ಕೊಳ್ಳಿ. ಇಲ್ಲವಾದರೆ ಬಸ್ಸೇ ಲೇಸು.