ಅಕ್ಷದ ಮೇಲಿನ ಹೆಸರುಗಳು: ತಿಪಟೂರು ಸೀಮೆಯ ಜನಪದ ಕಾಲಸೂಚಿಗಳ ಆಲೇಖನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಬೇಸಾಯದ ಕಾಲವನ್ನು ಕುರಿತು ವಿಚಾರಿಸಿದಾಗ ದೊರೆಯುವ ಉತ್ತರ ಬಹುಮಟ್ಟಿಗೆ ದಿನಾಂಕವಲ್ಲ, ಹೆಸರು. ಅಲಸಂದೆ ಬಿತ್ತಿದುದು ಭರಣಿ ಮಳೆಗೆ, ರಾಗಿ ಬಿತ್ತಿದುದು ಪುನರ್ವಸುವಿಗೆ, ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದುದು ಗೌರಿ ಹಬ್ಬದ ಹೊತ್ತಿಗೆ. ಇಂಥ ಮಾಹಿತಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ಆಲೇಖವಾಗಿಸುವಾಗ ಅಧ್ಯಯನಕಾರರು ಹೆಸರುಗಳನ್ನು ಇಂಗ್ಲಿಷ್ ತಿಂಗಳುಗಳಿಗೆ ಪರಿವರ್ತಿಸಿಬಿಡುವುದುಂಟು. ಆಗ ಜೂನ್ ಎಂಬ ಒಂದೇ ಕಂಬದಲ್ಲಿ ರೋಹಿಣಿಯ ಕೊನೆ, ಮೃಗಶಿರದ ಪೂರ್ಣಾವಧಿ, ಆರಿದ್ರೆಯ ಆರಂಭ ಮೂರೂ ಬೆರೆತುಹೋಗುತ್ತವೆ. ವಕ್ತೃಗಳು ಬೇರೆ ಬೇರೆಯೆಂದು ಗುರುತಿಸಿದ ಕಾಲಗಳು ಆಲೇಖದಲ್ಲಿ ಒಂದಾಗುತ್ತವೆ. ಈ ಪರಿವರ್ತನೆ ಅನಗತ್ಯ.

ಕಂಬ ಮತ್ತು ರೇಖಾ ಆಲೇಖಗಳ ಅಡ್ಡ ಅಕ್ಷವು ಪದಗಳನ್ನು ಹಾಗೆಯೇ ಸ್ವೀಕರಿಸುತ್ತದೆ. ಒಂದು ಕಾಲಂನಲ್ಲಿ ಮಳೆಗಳ ಹೆಸರು, ಪಕ್ಕದಲ್ಲಿ ಆ ಮಳೆಗೆ ಬಿತ್ತಿದ ಕುಟುಂಬಗಳ ಸಂಖ್ಯೆ ಇದ್ದರೆ ಸಾಕು. ಆದರೆ ಹೆಸರುಗಳ ಪರಂಪರಾಗತ ಕ್ರಮ ತಂತ್ರಾಂಶಕ್ಕೆ ತಿಳಿಯದು. ಅಕಾರಾದಿಯಾಗಿ ಜೋಡಿಸಿದರೆ ಅಶ್ವಿನಿಯ ನಂತರ ಭರಣಿಯ ಬದಲು ಆರಿದ್ರೆ ಬಂದು ನಿಲ್ಲುತ್ತದೆ. ಪಿವಟ್ ಟೇಬಲ್ ಸಾಮಾನ್ಯವಾಗಿ ಈ ಜೋಡಣೆಯನ್ನು ತಾನಾಗಿಯೇ ಮಾಡುತ್ತದೆ. 27 ನಕ್ಷತ್ರಗಳಿಗೂ ಕ್ರಮಸಂಖ್ಯೆಯ ಪ್ರತ್ಯೇಕ ಕಾಲಂ ಇಟ್ಟು ಅದರಂತೆ ಜೋಡಿಸುವುದು ಸುಲಭವಾದ ಪರಿಹಾರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳತಕ್ಕದ್ದು. ಇಲ್ಲವಾದರೆ ಅಕ್ಷದ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ.

ಇದಕ್ಕಿಂತ ಸೂಕ್ಷ್ಮವಾದುದು ಅಂತರದ ಪ್ರಶ್ನೆ. ಪದಗಳ ಅಕ್ಷವು ಎಲ್ಲ ಹೆಸರುಗಳನ್ನೂ ಸಮಾನ ದೂರದಲ್ಲಿ ಇರಿಸುತ್ತದೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಅವಧಿ 13 ಅಥವಾ 14 ದಿನವಾದ್ದರಿಂದ ಮಳೆಗಳ ಮಟ್ಟಿಗೆ ಇದು ಬಾಧಕವಲ್ಲ. ಹಬ್ಬಗಳ ವಿಷಯ ಹಾಗಲ್ಲ. ಯುಗಾದಿಯಿಂದ ಗೌರಿ ಹಬ್ಬಕ್ಕೆ ಐದು ಚಾಂದ್ರಮಾಸಗಳಾದರೆ ಗೌರಿಯಿಂದ ದೀಪಾವಳಿಗೆ ಎರಡು ತಿಂಗಳೂ ತುಂಬುವುದಿಲ್ಲ. ಈ ಸೀಮೆಯ ಉಂಡೆ ಕೊಬ್ಬರಿಯ ಕಾಯಿ ಅನೇಕ ತಿಂಗಳು ಅಟ್ಟದ ಮೇಲೆಯೇ ಒಣಗುವಂಥದು. ಅದರ ಕಾಲವನ್ನು ಹಬ್ಬಗಳ ಸಮಾನ ಅಂತರದ ಅಕ್ಷದ ಮೇಲೆ ತೋರಿಸಿದರೆ ರೇಖೆಯ ಏರಿಳಿತವೇ ಸುಳ್ಳಾಗುತ್ತದೆ.

ಇಲ್ಲಿ ಸ್ಕ್ಯಾಟರ್ ಆಲೇಖ ಬೇಕು. ಅಡ್ಡ ಅಕ್ಷಕ್ಕೆ ಹೆಸರುಗಳನ್ನೇ ಕೊಟ್ಟರೆ ಅದು ಅವನ್ನು 1, 2, 3 ಎಂದೇ ಎಣಿಸುವುದರಿಂದ, ಯುಗಾದಿಯಿಂದ ಕಳೆದ ದಿನಗಳ ಸಂಖ್ಯೆಯನ್ನು ಕೊಡಬೇಕು. ಅನಂತರ ಅದೇ ದಿನಗಳಿಗೆ ಶೂನ್ಯ ಬೆಲೆಯ ಇನ್ನೊಂದು ಬಿಂದುಶ್ರೇಣಿಯನ್ನು ಸೇರಿಸಿ, ಬಿಂದುಗಳನ್ನು ಮರೆಮಾಡಿ, ಅವುಗಳ ಕೆಳಗೆ ಹಬ್ಬದ ಹೆಸರು ಬರುವಂತೆ ಮಾಡಬೇಕು. ಅಕ್ಷದ ಅಂಕಿಗಳನ್ನು ಅಳಿಸಬೇಕು. ಎಕ್ಸೆಲ್ 2013ರಿಂದ ಬಿಂದುಗಳ ಹೆಸರುಗಳನ್ನು ಹಾಳೆಯ ಕೋಶಗಳಿಂದಲೇ ನೇರವಾಗಿ ಪಡೆಯಬಹುದಾಗಿದೆ.

ಲಂಬ ಅಕ್ಷದಲ್ಲಿ ಮಳೆಯನ್ನು ‘ಕಡಿಮೆ, ಹದ, ಅತಿ’ ಎಂದು ತೋರಿಸಬೇಕಾದಾಗ ಹಾಳೆಯಲ್ಲಿ 1, 2, 3 ಎಂದು ದಾಖಲಿಸಿ, ಅಕ್ಷದ ಸಂಖ್ಯಾರೂಪದಲ್ಲಿ [=1]"ಕಡಿಮೆ";[=2]"ಹದ";"ಅತಿ" ಎಂದು ಬರೆದರೆ ಅಂಕಿಗಳ ಸ್ಥಾನದಲ್ಲಿ ಪದಗಳು ಮೂಡುತ್ತವೆ. ಅಕ್ಷದ ಮಿತಿಯನ್ನು 1ರಿಂದ 3ಕ್ಕೂ, ಏರಿಕೆಯನ್ನು 1ಕ್ಕೂ ನಿಗದಿಪಡಿಸಬೇಕು. ಮೂರಕ್ಕಿಂತ ಹೆಚ್ಚು ಪದಗಳಿಗೆ ಈ ಉಪಾಯ ಒದಗದು. ಈ ಅಂಕಿಗಳ ಸರಾಸರಿ ತೆಗೆಯುವುದಂತೂ ಸಲ್ಲದು: ಕಡಿಮೆಗೂ ಹದಕ್ಕೂ ಇರುವಷ್ಟೇ ಅಂತರ ಹದಕ್ಕೂ ಅತಿಗೂ ಇದೆಯೆಂದು ಯಾವ ವಕ್ತೃವೂ ಹೇಳಿರುವುದಿಲ್ಲ.