ಬಾಣದ ಗರಿಗೆ ಯಾವ ಅಂಟು?

ಬಿದಿರಿನ ಬಾಣ ಮಾಡಿ ಗರಿ ಅಂಟಿಸಿ ನೋಡಿದ್ದೀರಾ? ಗರಿಗಳು ಹಿಂಬದಿಯಲ್ಲಿ ಗಾಳಿಯನ್ನು ತಡೆದು ಬಾಣದ ಮೂತಿ ಮುಂದಕ್ಕೇ ಇರುವಂತೆ ನೋಡಿಕೊಳ್ಳುತ್ತವೆ. ಮೂರರಲ್ಲಿ ಒಂದು ಕಿತ್ತುಬಂದರೂ ಬಾಣ ಅಡ್ಡಾದಿಡ್ಡಿ ಹೋಗಿ ಪಕ್ಕದಲ್ಲಿ ನಿಂತವರಿಗೇ ತಗುಲಬಹುದು.

ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ನೀರಿದೆ. ಅದು ಆರಿದ ಮೇಲೇ ಅಂಟು ಗಟ್ಟಿ. ನಮ್ಮ ಗೋವಾದ ಜುಲೈ ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿರುತ್ತೆ. ಒಗೆದ ಯೂನಿಫಾರ್ಮೇ ಒಣಗಲ್ಲ, ಇನ್ನು ಅಂಟು ಬೇಗ ಒಣಗುತ್ತಾ? ಗರಿಯ ಮೇಲೆ ದಾರ ಸುತ್ತಿ ಒಂದು ದಿನ ಪೂರ್ತಿ ಬಿಡಿ.

ಫೆವಿಕ್ವಿಕ್ ರೀತಿ ಇದಕ್ಕೆ ಉಲ್ಟಾ. ಅದರಲ್ಲಿರುವುದು ಸಯನೋಅಕ್ರಿಲೇಟ್. ಸ್ವಲ್ಪ ತೇವ ತಗುಲಿದರೆ ಸಾಕು, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದ ಸರಪಳಿಯಾಗುತ್ತವೆ. ಬೆವರಿದ ಬೆರಳು ಥಟ್ಟನೆ ಅಂಟಿಕೊಳ್ಳೋದು ಅದಕ್ಕೇ! ಅಂಟಿದರೆ ಎಳೆಯಬೇಡಿ, ಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ. ಚೆಲ್ಲಿದ್ದನ್ನು ಹತ್ತಿಯಿಂದಾಗಲಿ ಹತ್ತಿಬಟ್ಟೆಯಿಂದಾಗಲಿ ಒರೆಸಲೇಬೇಡಿ. ಅದರಲ್ಲಿ ಇಂಗಿದ ಅಂಟು ಚರ್ಮ ಸುಡುವಷ್ಟು ಬಿಸಿಯಾಗುತ್ತೆ.

ಗೇರುಮರದ ಗೋಂದು ಇಲ್ಲಿ ಪುಕ್ಕಟೆ ಸಿಗುತ್ತೆ, ನಿಜ. ಆದರೆ ನೀರಲ್ಲಿ ಕರಗುವ ಗೋಂದು ಮಳೆ ಬಿದ್ದರೆ ಮತ್ತೆ ಮೆತ್ತಗಾಗುತ್ತೆ. ಕಾಗದಕ್ಕೆ ಸರಿ, ಬಾಣಕ್ಕೆ ಬೇಡ.

ನನ್ನ ಓಟು ಬಿಳಿ ಅಂಟಿಗೇ. ಗರಿ ಸೊಟ್ಟ ಕೂತರೆ ಸರಿಪಡಿಸೋಕೆ ಸಮಯ ಕೊಡುತ್ತೆ. ಅಂಟಿಸುವ ಮೊದಲು ಬಿದಿರಿನ ನುಣುಪು ಸಿಪ್ಪೆಯನ್ನು ಉಪ್ಪುಕಾಗದದಿಂದ ಉಜ್ಜಿ, ಪುಡಿ ಒರೆಸಿ. ನುಣುಪಿನ ಮೇಲೆ ಯಾವ ಅಂಟಿಗೂ ಹಿಡಿತ ಕಮ್ಮಿ. ಬಾಣ ಬಿಡುವಾಗ ದೊಡ್ಡವರು ಜೊತೆಗಿರಲಿ, ಎದುರು ಯಾರೂ ಇರದಿರಲಿ. ಪ್ರತಿ ಸಲವೂ ಮೂರೂ ಗರಿಗಳನ್ನು ಬೆರಳಿನಿಂದ ತಳ್ಳಿ ನೋಡಿ. ಒಂದು ಅಲುಗಿದರೂ ಆ ಬಾಣ ಪಕ್ಕಕ್ಕಿಡಿ.