ಡೇರಿ ಹೊತ್ತಿಗೆ ನಡೆಯುವ ಮನೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ಗೆಜ್ಜಲಗೆರೆ ಸಿಗುತ್ತದೆ. ಮಂಡ್ಯ ಹಾಲು ಒಕ್ಕೂಟದ, ಅಂದರೆ ಮನ್‌ಮುಲ್‌ನ, ಡೇರಿ ಇರುವುದು ಇಲ್ಲೇ. ಜಿಲ್ಲೆಯ ಹಳ್ಳಿಹಳ್ಳಿಯ ಸಹಕಾರ ಸಂಘಗಳಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಸಿಕೊಂಡ ಹಾಲು ಇಲ್ಲಿಗೆ ಬಂದು ಸೇರುತ್ತದೆ. ಮನೆಗೆಲಸ ದಿನವೂ ಅಸ್ತವ್ಯಸ್ತವಾಗುತ್ತದೆ, ಎಷ್ಟು ಸಲ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೂ ವಾರದೊಳಗೆ ಮರೆತುಹೋಗುತ್ತದೆ ಎನ್ನುವ ಕುಟುಂಬಗಳು ಈ ಹಾಲಿನ ಮನೆಗಳನ್ನು ಗಮನಿಸಬೇಕು. ಸಗಣಿ ಬಾಚುವುದು, ಹುಲ್ಲು ಹಾಕುವುದು, ಹಿಂಡಿ–ಬೂಸ ಕಲಸುವುದು, ಹಾಲು ಕರೆಯುವುದು, ಕ್ಯಾನು ಹಿಡಿದು ಡೇರಿಗೆ ಓಡುವುದು, ಇವೆಲ್ಲ ವರ್ಷದ ಮುನ್ನೂರ ಅರವತ್ತೈದು ದಿನವೂ ನಡೆಯುತ್ತವೆ. ಅದಕ್ಕೆ ಯಾರೂ ಪಟ್ಟಿ ಬರೆದಿಲ್ಲ. ಈ ಮನೆಗಳವರ ಮನೋಬಲ ಉಳಿದವರಿಗಿಂತ ಹೆಚ್ಚೆಂದು ಹೇಳಲಾಗದು. ದಿನಚರಿ ನಿಲ್ಲುವುದು ಮನೋಬಲದಿಂದಲ್ಲ, ಮನೆಯ ಹೊರಗಿನ ಒಂದು ಗಟ್ಟಿ ಘಟನೆಗೆ ಅದನ್ನು ಕಟ್ಟಿಹಾಕಿದಾಗ ಎಂಬುದು ನನ್ನ ವಾದ.

ಹಾಲಿನ ಹೊತ್ತು ಇಷ್ಟು ಗಟ್ಟಿಯಾಗಿರಲು ಕಾರಣ ಜೀವಶಾಸ್ತ್ರದಲ್ಲಿದೆ. ಕೆಚ್ಚಲಲ್ಲಿ ಹಾಲು ದಿನವಿಡೀ ಊರುತ್ತಲೇ ಇರುತ್ತದೆ. ಕರೆಯುವುದು ತೀರಾ ತಡವಾದರೆ ತುಂಬಿದ ಕೆಚ್ಚಲಿನ ಒತ್ತಡವೇ ಮುಂದಿನ ಹಾಲಿನ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕೆಚ್ಚಲು ತೊಳೆದು ಕೈ ಹಾಕಿದಾಗ ಹಸುವಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಒಂದೆರಡು ನಿಮಿಷದಲ್ಲಿ ಹಸು ತೊರೆ ಬಿಡುತ್ತದೆ. ಈ ಹಾರ್ಮೋನಿನ ಪ್ರಭಾವ ಕೆಲವೇ ನಿಮಿಷದ್ದು, ಅಷ್ಟರಲ್ಲಿ ಕರೆದು ಮುಗಿಸಬೇಕು. ಹಸು ಬೆದರಿದರೆ ಅಡ್ರಿನಲಿನ್ ಅಡ್ಡ ಬಂದು ಹಾಲು ಮೇಲಕ್ಕೇ ಉಳಿಯುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ದಿನವೂ ಅದೇ ಹೊತ್ತು, ಅದೇ ಕೈ, ಅದೇ ಕ್ರಮ ಇದ್ದರೆ ಬಕೆಟ್ಟಿನ ಸದ್ದು ಕೇಳಿದರೂ ಸಾಕು, ಹಸು ತೊರೆ ಬಿಡಲು ಕಲಿತಿರುತ್ತದೆ. ಇತ್ತ ಕರೆದ ಹಾಲಿಗೂ ಅವಸರವಿದೆ. ಹೊರಬಂದಾಗ ಅದರ ಉಷ್ಣತೆ ಹಸುವಿನ ಮೈಬಿಸಿಯಷ್ಟೇ, ಸುಮಾರು 38 ಡಿಗ್ರಿ ಸೆಲ್ಸಿಯಸ್. ಬ್ಯಾಕ್ಟೀರಿಯಾ ಬೆಳೆಯಲು ಅದಕ್ಕಿಂತ ಹಿತವಾದ ಜಾಗವಿಲ್ಲ. ಹಾಲಿಗೆ ಸ್ವಂತದ ರಕ್ಷಣೆ ಒಂದಿಷ್ಟಿದ್ದರೂ ಅದು ಕೆಲವು ಗಂಟೆಯ ಮಾತು. ಬೇಗ 4 ಡಿಗ್ರಿಯ ಆಸುಪಾಸಿಗೆ ಇಳಿಸದಿದ್ದರೆ ಹಾಲು ಒಡೆಯುತ್ತದೆ. ಅದಕ್ಕೇ ಸಂಘದ ಬಾಗಿಲು ಗೊತ್ತಾದ ಹೊತ್ತಿಗೆ ತೆರೆದು ಗೊತ್ತಾದ ಹೊತ್ತಿಗೆ ಮುಚ್ಚುತ್ತದೆ. ತಡವಾಗಿ ಹೋದರೆ ಹಾಲು ಮನೆಗೆ ವಾಪಸ್, ಆ ಹೊತ್ತಿನ ದುಡ್ಡು ಬಟವಾಡೆಯಲ್ಲಿ ಖೋತಾ.

ಹಸು ಕಲಿಯುವ ರೀತಿಗೂ ನಾವು ಕಲಿಯುವ ರೀತಿಗೂ ಬಹಳ ಅಂತರವಿಲ್ಲ. ಅಮೆರಿಕದ ಮನೋವಿಜ್ಞಾನಿ ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಭಾಗವಹಿಸಿದವರು ತಾವು ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದೇವೆ, ಏನು ಯೋಚಿಸುತ್ತಿದ್ದೇವೆ ಎಂದು ಆಗಾಗ ಬರೆದಿಡುತ್ತಿದ್ದರು. ಸುಮಾರು ಶೇ 43ರಷ್ಟು ಕೆಲಸಗಳು ಹೆಚ್ಚುಕಡಿಮೆ ದಿನವೂ ಒಂದೇ ಸಂದರ್ಭದಲ್ಲಿ, ಬಹುಪಾಲು ಮನಸ್ಸು ಬೇರೆಲ್ಲೋ ಇರುವಾಗಲೇ ನಡೆಯುವಂಥವು ಎಂದು ಕಂಡುಬಂತು. ಸಂದರ್ಭ ಎದುರಾದರೆ ಕೈ ತಾನಾಗಿ ಓಡುತ್ತದೆ. ಲಂಡನ್ನಿನಲ್ಲಿ ಫಿಲಿಪಾ ಲಾಲಿ 96 ಮಂದಿಯನ್ನು ಹನ್ನೆರಡು ವಾರ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಯೊಬ್ಬರೂ ಹೊಸದೊಂದು ಕೆಲಸವನ್ನು ದಿನದ ಒಂದು ಘಟನೆಗೆ, ಉದಾಹರಣೆಗೆ ಬೆಳಗಿನ ತಿಂಡಿಗೆ, ಜೋಡಿಸಿಕೊಂಡಿದ್ದರು. ಅದು ಅಭ್ಯಾಸವಾಗಿ ಕೂರಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನವಾದೀತೆಂದು ಲೆಕ್ಕ ಹೇಳಿತು. ಮನೋವಿಜ್ಞಾನಿಗಳಾದ ಪೀಟರ್ ಗಾಲ್ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ನಿರ್ಧರಿಸಿದವರು ಬರೀ ‘ಮಾಡಬೇಕು’ ಎಂದುಕೊಂಡವರಿಗಿಂತ ಸ್ಪಷ್ಟವಾಗಿ ಮುಂದಿದ್ದಾರೆ ಎಂದು ತೋರಿಸಿದರು. ‘ಸಂಜೆ ಏಳಕ್ಕೆ ಮಕ್ಕಳ ಬ್ಯಾಗು ಜೋಡಿಸಬೇಕು’ ಎಂಬ ನಿಯಮ ಹೆಚ್ಚು ದಿನ ಬಾಳದು. ‘ಡೇರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆದಿಟ್ಟ ಕೂಡಲೇ ಬ್ಯಾಗು’ ಎಂಬುದು ಬಾಳುತ್ತದೆ. ಏಳು ಗಂಟೆಯಾದದ್ದು ಕಣ್ಣಿಗೆ ಬೀಳದೇ ಹೋಗಬಹುದು, ಕೈಯಲ್ಲಿರುವ ಕ್ಯಾನು ಹಾಗಲ್ಲ. ಹಸುವಿಲ್ಲದ ಮನೆಗೂ ಇಂಥ ಗೂಟಗಳು ಇದ್ದೇ ಇರುತ್ತವೆ: ಗಾರ್ಮೆಂಟ್ಸಿಗೆ ಹೋಗುವವರ ಗಾಡಿ, ಶಾಲೆಯ ಬಸ್ಸು, ನಲ್ಲಿಯಲ್ಲಿ ನೀರು ಬಿಡುವ ಹೊತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಬೇಸಾಯದ ಮನೆಯಲ್ಲಿ ಯಾವುದು ನಿಗದಿಯಾಗಿ ನಡೆಯುತ್ತದೆ? ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬರುತ್ತದೋ ಹಗಲು ಬರುತ್ತದೋ ತಿಳಿಯದು. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯ ನೀರು ಬಂದಾಗ ಗದ್ದೆ ಬಯಲಲ್ಲೇ ಇರಬೇಕು. ರೇಷ್ಮೆ ಹುಳು ಸಾಕಿದವರಿಗೆ ಕೊನೆಯ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ವಾರವಂತೂ ಸೊಪ್ಪು ಹಾಕುವುದರಲ್ಲೇ ಕಳೆಯುತ್ತದೆ. ಕಬ್ಬು ಕಡಿಯುವ ಆಳು ಬಂದ ದಿನ ಮನೆಯ ಎಲ್ಲ ಕ್ರಮವೂ ತಲೆಕೆಳಗು. ಆದರೆ ಇದು ಗಡಿಯಾರದ ದಿನಚರಿಯ ವಿರುದ್ಧದ ವಾದವೇ ಹೊರತು ಘಟನೆಗೆ ಕಟ್ಟಿದ ದಿನಚರಿಯ ವಿರುದ್ಧದ್ದಲ್ಲ. ಉಳಿದದ್ದೆಲ್ಲ ಅನಿಶ್ಚಿತವಾದಷ್ಟೂ ನಿಶ್ಚಿತವಾದ ಒಂದೆರಡು ಹೊತ್ತುಗಳ ಬೆಲೆ ಹೆಚ್ಚುತ್ತದೆ. ದಿನದ ಎಲ್ಲ ಗಂಟೆಯನ್ನೂ ಕಟ್ಟುವುದು ಬೇಡ, ಆ ಒಂದೆರಡನ್ನು ಉಳಿಸಿಕೊಂಡರೆ ಸಾಕು. ಲಾಲಿಯವರ ಅಧ್ಯಯನದಲ್ಲಿ ಮತ್ತೊಂದು ಸಮಾಧಾನವಿದೆ: ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ. ಹಬ್ಬ, ಮದುವೆ, ಸಾವು–ನೋವಿನಲ್ಲಿ ತಪ್ಪಿದ್ದಕ್ಕೆ ಮರುದಿನ ಕೈಬಿಡಬೇಕಿಲ್ಲ.

ಕ್ರಮಬದ್ಧತೆ ಮಕ್ಕಳನ್ನು ಯಂತ್ರ ಮಾಡುತ್ತದೆ ಎಂಬ ಅಂಜಿಕೆಗೆ ಆಧಾರ ಕಡಿಮೆ. ಜೋಡಿ ಮಿಂಡೆಲ್ ತಂಡ 2009ರಲ್ಲಿ 405 ತಾಯಂದಿರು ಮತ್ತು ಅವರ ಪುಟ್ಟ ಮಕ್ಕಳ ಮೇಲೆ ಮೂರು ವಾರದ ಪರೀಕ್ಷೆ ನಡೆಸಿತು. ರಾತ್ರಿ ಸ್ನಾನ, ಮೈ ನೀವುವುದು, ಜೋಗುಳದಂಥ ಶಾಂತ ಚಟುವಟಿಕೆ, ಆಮೇಲೆ ದೀಪ ಆರಿಸುವುದು, ಇಷ್ಟೇ ಕ್ರಮ. ಮಕ್ಕಳು ಬೇಗ ನಿದ್ದೆ ಹೋದರು, ನಡುರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ಬಾರ್ಬರಾ ಫೀಸ್ ಮತ್ತು ಸಂಗಡಿಗರು ಐವತ್ತು ವರ್ಷಗಳ ಸಂಶೋಧನೆಯನ್ನು 2002ರಲ್ಲಿ ಪರಾಮರ್ಶಿಸಿದಾಗಲೂ ಕುಟುಂಬದ ದಿನಚರಿಗೂ ಮಕ್ಕಳ ಆರೋಗ್ಯ, ಹೊಂದಾಣಿಕೆಗಳಿಗೂ ನಂಟು ಕಂಡಿತು. ನೆಮ್ಮದಿಯಾಗಿರುವ ಮನೆಗೆ ದಿನಚರಿ ಸುಲಭವಾಗಿ ಒಲಿಯುತ್ತದೆ ಎಂಬುದೂ ನಿಜವಿರಬಹುದು. ನಂಟು ಇದ್ದ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು. ಮಿಂಡೆಲ್ ಅವರದು ಮಾಡಿ ನೋಡಿದ ಪರೀಕ್ಷೆಯಾದ್ದರಿಂದ ಅದಕ್ಕೆ ತೂಕ ಹೆಚ್ಚು.

ನಿಜವಾಗಿ ಭಾರವಾದ ಆಕ್ಷೇಪ ಬೇರೆ ಇದೆ. ದಿನಚರಿ ಎಂದಾಗ ಅದನ್ನು ಹೊರುವವರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನಿಮಿಷಗಳಲ್ಲಿ ಕಾಣದ ಹೊರೆಯೂ ಒಂದಿದೆ. ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 2019ರಲ್ಲಿ ಅದನ್ನು ಬಿಡಿಸಿ ತೋರಿಸಿದರು: ಮುಂದೆ ಏನು ಬೇಕಾದೀತೆಂದು ಮೊದಲೇ ಊಹಿಸುವುದು, ದಾರಿ ಹುಡುಕುವುದು, ತೀರ್ಮಾನಿಸುವುದು, ಆಯಿತೋ ಇಲ್ಲವೋ ಎಂದು ಕಣ್ಣಿಡುವುದು. ಊಹೆ ಮತ್ತು ಕಾವಲು ಹೆಚ್ಚಾಗಿ ಹೆಂಡತಿಯ ತಲೆಯಲ್ಲೇ ಇರುತ್ತವೆ. ಬೂಸ ಮುಗಿಯುತ್ತಾ ಬಂದದ್ದು, ಕರುವಿಗೆ ಜಂತಿನ ಔಷಧ ಹಾಕಿಸಬೇಕಾದದ್ದು, ಮಗಳ ಪರೀಕ್ಷೆ ಶುಲ್ಕ, ಅತ್ತೆಯ ಬಿಪಿ ಮಾತ್ರೆ, ಎಲ್ಲವೂ ಅವಳ ನೆನಪಿನ ಬಲದ ಮೇಲೆ ನಡೆದರೆ ಆ ಮನೆಯಲ್ಲಿ ದಿನಚರಿ ಇದೆ ಎನ್ನಲಾಗದು. ಅಲ್ಲಿರುವುದು ಒಬ್ಬ ಹೆಂಗಸಿನ ದಣಿವು. ಅವಳು ನಾಲ್ಕು ದಿನ ತೌರಿಗೆ ಹೋದರೆ ಎಲ್ಲ ನಿಂತುಹೋಗುತ್ತದೆ.

ಹಾಲಿನ ವ್ಯವಸ್ಥೆಯ ಕಲಿಕೆ ಇಲ್ಲೂ ಒದಗುತ್ತದೆ. ಹಾಕಿದ ಹಾಲೆಷ್ಟು, ಫ್ಯಾಟ್ ಎಷ್ಟು, ದುಡ್ಡೆಷ್ಟು ಎಂಬುದನ್ನು ಸಂಘ ಯಾರ ನೆನಪಿಗೂ ಬಿಟ್ಟಿಲ್ಲ. ಪುಸ್ತಕದಲ್ಲೋ ಚೀಟಿಯಲ್ಲೋ ಬರೆದಿರುತ್ತದೆ, ಮನೆಯ ಯಾರು ಬೇಕಾದರೂ ನೋಡಬಹುದು. ಮನೆಯ ಬೇಕು–ಬೇಡಗಳನ್ನೂ ಎಲ್ಲರಿಗೂ ಕಾಣುವ ಕಡೆ, ಹಿಂಡಿ ಚೀಲದ ಪಕ್ಕದ ಗೋಡೆಯಲ್ಲೋ ಅಡುಗೆಮನೆ ಬಾಗಿಲಲ್ಲೋ, ಬರೆದಿಡಬಹುದು. ಅದಕ್ಕಿಂತ ಮುಖ್ಯವಾಗಿ, ಮನೆಯ ಗಂಡಸರು ಒಂದು ಕೆಲಸವನ್ನು ಇಡಿಯಾಗಿ, ನೆನಪಿಟ್ಟುಕೊಳ್ಳುವ ಹೊಣೆಯ ಸಮೇತ, ವಹಿಸಿಕೊಳ್ಳಬೇಕು. ‘ಹೇಳಿದ್ದರೆ ಮಾಡುತ್ತಿದ್ದೆ’ ಎನ್ನುವುದು ಹೊಣೆಯಲ್ಲ. ಡೇರಿಗೆ ಹಾಲು ಹಾಕಿ ಬರುವ ಕೆಲಸವನ್ನು ಅನೇಕ ಗಂಡಸರು ಯಾರೂ ನೆನಪಿಸದೆಯೇ ಎರಡು ಹೊತ್ತೂ ಮಾಡುತ್ತಿದ್ದಾರೆ. ವಾಪಸ್ ಬಂದ ಮೇಲೆ ಕ್ಯಾನು ತೊಳೆಯುವುದು, ಮಕ್ಕಳ ಬ್ಯಾಗು ನೋಡುವುದು, ನಾಳೆಯ ತಿಂಡಿಗೆ ಏನಿದೆಯೆಂದು ವಿಚಾರಿಸುವುದು, ಈ ಮೂರರಲ್ಲಿ ಒಂದನ್ನು ಇವತ್ತಿನ ಸಂಜೆಯಿಂದಲೇ ಅದಕ್ಕೆ ಜೋಡಿಸಿಕೊಳ್ಳಿ. ಎರಡು ತಿಂಗಳಾದರೂ ಬಿಡದೆ ನಡೆಸಿ.